ಕೆಂಪು ಶಾಯಿಯ ಒಂಬತ್ತು ದಿನ

ಪಿಪರಾಡೀಹ್, ಸಿರಹಾ
ಪುಸ್ ೪, ವಿಕ್ರಮ ಸಂವತ್ ೨೦೫೪

ಜಸಬೀರ್ ದಾಜುವಿಗೆ ತಂಗಿ ಬಿಂದುಲತಾ ಮಾಡುವ ನಮಸ್ಕಾರ.

ಸುತ್ತೋಲೆ ನಿಮಗೂ ಬಂದಿರಬೇಕು. ಶೀತಲಹರಿ ಎಂದು ಯಾವುದನ್ನು ಕರೆಯಬೇಕು, ಬಿಸಿಗಾಳಿ ಎಂದು ಯಾವುದನ್ನು ಕರೆಯಬೇಕು ಎಂದು ದೇಶಕ್ಕೆಲ್ಲ ಒಂದು ನಿಯಮ ಮಾಡಲು ಕಾಠ್ಮಾಂಡುವಿನ ಹವಾಮಾನ ಕಚೇರಿಯವರು ಸಮಿತಿ ಕೂರಿಸಿದ್ದಾರೆ. ಸದಸ್ಯರ ಹೆಸರು ಓದುತ್ತಾ ಬಂದೆ. ಸಾಹೇಬರು, ಇನ್ನೊಬ್ಬ ಸಾಹೇಬರು, ಡಾಕ್ಟರ್ ಸಾಹೇಬರು, ಕೊನೆಯಲ್ಲಿ ‘ವೀಕ್ಷಕರ ಪರವಾಗಿ ಜಸಬೀರ್ ರೋಕಾಯ, ರಾರಿಖೋಲಾ, ಜುಮ್ಲಾ’. ಮಾವನಿಗೆ ಮೂರು ಸಲ ಓದಿ ಹೇಳಿದೆ. ಕಣ್ಣಿಗೆ ಪೊರೆ ಬಂದ ಮೇಲೆ ಅವರಿಗೆ ಕಿವಿಯೇ ಎಲ್ಲ. ಮದುವೆಯಾಗಿ ಹದಿನೆಂಟು ವರ್ಷವಾದರೂ ನನ್ನನ್ನು ಹೊಸ ಸೊಸೆಯಂತೆ ಕನಿಯಾ ಎಂದೇ ಕರೆಯುತ್ತಾರೆ. "ನೋಡ್ದ್ಯಾ ಕನಿಯಾ, ತರಬೇತೀಲಿ ಟೀಕಾ ಇಟ್ಟು ಒಬ್ಬ ಅಣ್ಣನ್ನ ಮಾಡ್ಕೊಂಡೆಯಲ್ಲ, ದಂಡ ಆಗ್ಲಿಲ್ಲ" ಎಂದರು. ಎಂಟು ವರ್ಷದ ಹಿಂದೆ ತಿಹಾರ್ ಹಬ್ಬದ ದಿನ ಆ ತರಬೇತಿ ಕೇಂದ್ರದಲ್ಲಿ ನಿಮ್ಮ ಹಣೆಗೆ ಟೀಕಾ ಇಟ್ಟು, ಅಂಗಡಿ ಮಿಠಾಯಿ ತಿನ್ನಿಸಿದ ಋಣವನ್ನು ಈಗ ತೀರಿಸಿಕೊಳ್ಳುವವಳಿದ್ದೇನೆ.

ಕರಡು ನಿಯಮ ಹೀಗಿದೆ: ಸತತ ಮೂರು ರಾತ್ರಿ ನಾಲ್ಕು ಡಿಗ್ರಿಗಿಂತ ಕೆಳಗಿಳಿದರೆ ಅದು ಶೀತಲಹರಿ. ಘೋಷಣೆಯಾದರೆ ರೇಡಿಯೋದಲ್ಲಿ ಹೇಳುತ್ತಾರೆ, ಶಾಲೆ ಮುಚ್ಚುತ್ತದೆ, ಪ್ರತಿ ಟೋಲೆಯ, ಅಂದರೆ ಪ್ರತಿ ಕೇರಿಯ, ಘೂರ್‌ಗೂ ವಾರ್ಡಿನವರು ಕಟ್ಟಿಗೆ ಕೊಡಲೇಬೇಕು. ಘೂರ್ ಇಲ್ಲದೆ ಇಲ್ಲಿಯ ಬಡವರು ಪುಸ್ ತಿಂಗಳು ದಾಟುವುದಿಲ್ಲ. ಹತ್ತು ಮನೆಯವರು ಒಂದೇ ಬೆಂಕಿಯ ಸುತ್ತ ಕೂತು ಹಗಲು ಕಳೆಯುತ್ತಾರೆ.

ನಾನು ನಮ್ಮ ಕೇಂದ್ರದ ದಿನದಿನದ ತಾಪಮಾನದ ರಿಜಿಸ್ಟರ್ ತೆಗೆದು ನೋಡಿದೆ. ಮಾವ ಬರೆದ ಹತ್ತೊಂಬತ್ತು ವರ್ಷ, ನಾನು ಬರೆದ ಹನ್ನೊಂದು. ಈ ಮೂವತ್ತು ವರ್ಷಗಳಲ್ಲಿ ಸತತ ಮೂರು ರಾತ್ರಿ ನಾಲ್ಕಕ್ಕಿಂತ ಕೆಳಗೆ ಒಮ್ಮೆಯೂ ಇಳಿದಿಲ್ಲ. ಹಾಗಾದರೆ ನಮ್ಮ ಊರಿಗೆ ಶೀತಲಹರಿ ಬಂದೇ ಇಲ್ಲ! ಹೋದ ವರ್ಷ ಇಲ್ಲಿ ಚಳಿಗೆ ಸತ್ತ ಐದು ಜನ ಸುಮ್ಮನೆ ಸತ್ತರೋ? ನಮ್ಮ ಚಳಿ ರಾತ್ರಿಯದಲ್ಲ ದಾಜು, ಹಗಲಿನದು. ಮಂಜು ಕವಿದು ಸೂರ್ಯನನ್ನೇ ನುಂಗಿಬಿಡುತ್ತದೆ. ಮೂರು ದಿನದಿಂದ ಮಧ್ಯಾಹ್ನವೂ ಹನ್ನೆರಡು ಡಿಗ್ರಿ ದಾಟಿಲ್ಲ. ‘ನಮ್ಮ ಕಡೆ ಹಗಲಿನ ಅಂಕಿ ನೋಡಿ’ ಎಂದು ಸಮಿತಿಯಲ್ಲಿ ನೀವು ಹೇಳಬೇಕು. ನನ್ನ ಮಾತು ಅಲ್ಲಿ ಯಾರು ಕೇಳುತ್ತಾರೆ?

ನಮ್ಮ ಥರ್ಮಾಮೀಟರ್ ಪೆಟ್ಟಿಗೆಯ ಕಾಲಿಗೆ ಯಾರೋ ಮತ್ತೆ ಸಿಂಧೂರ ಹಚ್ಚಿದ್ದಾರೆ, ಒರೆಸಿದೆ. ಬಿಳೀ ಮರದ ಪುಟ್ಟ ಮನೆ, ಬಾಗಿಲು, ದಿನಕ್ಕೆರಡು ಹೊತ್ತು ತಪ್ಪದೆ ಬಾಗಿಲು ತೆಗೆದು ಬಗ್ಗಿ ನೋಡುವ ನಾನು. ಊರವರು ಅದಕ್ಕೆ ಠಂಡಿ ಮಹಾರಾಜ ಎಂದು ಹೆಸರಿಟ್ಟು ಬಹಳ ಕಾಲವಾಯಿತು.

ಬಿಂದುಲತಾ ಕರ್ಣ

*

ರಾರಿಖೋಲಾ, ಜುಮ್ಲಾ
ಪುಸ್ ೧೭, ೨೦೫೪

ಬಹಿನಿ ಬಿಂದುಲತಾಗೆ ಆಶೀರ್ವಾದ.

ನಿನ್ನ ಕಾಗದ ನೇಪಾಳಗಂಜ್‌ನಲ್ಲಿ ವಿಮಾನಕ್ಕೆ ಕಾದು ಕಾದು ಇವತ್ತು ಬಂತು. ಇವತ್ತು ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ನಾನು ಓದಿದ್ದು ಸೊನ್ನೆಗಿಂತ ಹನ್ನೊಂದೂವರೆ ಕೆಳಗೆ. ಪೆಟ್ಟಿಗೆಯ ಚಿಲಕ ಬೆರಳಿಗೆ ಅಂಟಿಕೊಂಡಿತು. ಚರ್ಮ ಸ್ವಲ್ಪ ಅಲ್ಲೇ ಬಿಟ್ಟು ಬಂದೆ. ಆಮೇಲೆ ಕೊಡದ ಮೇಲಿನ ಮಂಜುಗಡ್ಡೆ ಒಡೆದು ಮುಖ ತೊಳೆದು, ಫಾಪರ್ ಹಿಟ್ಟಿನ ರೊಟ್ಟಿ ತಿಂದು, ನಿನ್ನ ಕಾಗದ ಬಿಚ್ಚಿದೆ. ಹಗಲು ಹನ್ನೆರಡು ಡಿಗ್ರಿ! ಅಯ್ಯೋ ಪಾಪ!

ನಿನ್ನ ಅತ್ತಿಗೆಗೆ ಓದಿ ಹೇಳಿದೆ. "ಹನ್ನೆರಡಾ? ಹಂಗಾದ್ರೆ ನಿಮ್ ತಂಗೀಗೆ ಒಂದು ಬೀಸಣಿಗೆ ಕಳಿಸ್ರೀ, ಸೆಖೆ ಆಗ್ತಿರ್ಬೇಕು" ಎಂದಳು. ಹನ್ನೆರಡಾದರೆ ನಮ್ಮ ಮಕ್ಕಳು ಅಂಗಿ ಬಿಚ್ಚಿ ಹೊಳೆಗೆ ಇಳಿಯುತ್ತಾರೆ.

ಕೋಪ ಮಾಡಿಕೊಳ್ಳಬೇಡ. ನನಗೆ ಅನ್ನಿಸುವುದನ್ನು ನೇರ ಹೇಳುತ್ತೇನೆ. ಒಂದು ದೇಶಕ್ಕೆ ಒಂದು ಅಂಕಿ ಇರಬೇಕು. ನಾಲ್ಕು ಎಂದರೆ ನಾಲ್ಕು. ಸಿರಹಾಕ್ಕೆ ಒಂದು ಚಳಿ, ಜುಮ್ಲಾಕ್ಕೆ ಒಂದು ಚಳಿ ಎಂದು ಹಂಚುತ್ತಾ ಹೋದರೆ ನಾಳೆ ಒಬ್ಬೊಬ್ಬ ಮುದುಕನೂ ತನ್ನ ಮೊಣಕಾಲಿನ ಲೆಕ್ಕ ಹೇಳುತ್ತಾನೆ. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದು ನೆನಪಿದೆಯಲ್ಲ? ಕಂಡದ್ದನ್ನು ಬರೆ, ಅನ್ನಿಸಿದ್ದನ್ನು ಬರೆಯಬೇಡ. ನನ್ನ ಮೂವತ್ತು ವರ್ಷದ ರಿಜಿಸ್ಟರನ್ನು ಯಾರು ಬೇಕಾದರೂ ಬಂದು ನೋಡಲಿ. ಒಂದು ಚೌಕ ಖಾಲಿ ಇಲ್ಲ. ಓದಿದ್ದು ಅನುಮಾನ ಎಂದು ಗುರುತು ಮಾಡುವ ಕೆಂಪು ಶಾಯಿ ಒಂದು ಹನಿ ಇಲ್ಲ. ಇಡೀ ಕರ್ಣಾಲಿಯಲ್ಲಿ ಅಂಥ ರಿಜಿಸ್ಟರ್ ಇನ್ನೊಂದಿದ್ದರೆ ನನ್ನ ಮೀಸೆ ಬೋಳಿಸುತ್ತೇನೆ.

ಆದರೂ ನೀನು ಟೀಕಾ ಇಟ್ಟವಳು. ಫಾಗುನ್‌ನಲ್ಲಿ ಸಭೆ. ಈ ತಿಂಗಳ ಹಗಲಿನ ಅಂಕಿಗಳನ್ನು ಬರೆದು ನನಗೆ ಕಳಿಸು. ಅಂಕಿ ಇದ್ದರೆ ನಾನು ನಿನ್ನ ಅಣ್ಣ. ಅಂಕಿ ಇಲ್ಲದಿದ್ದರೆ ಬರೀ ಸಮಿತಿಯ ಸದಸ್ಯ.

ಜಸಬೀರ್

*

ಪಿಪರಾಡೀಹ್
ಮಾಘ ೩, ೨೦೫೪

ದಾಜು,

ಅತ್ತಿಗೆಯ ಬೀಸಣಿಗೆ ತಲುಪಿತು. ಮಾವನಿಗೆ ಆ ಸಾಲು ಬಿಟ್ಟು ಓದಿದೆ.

ನಿಮ್ಮ ಮನೆಗೆ ಮೊಳ ದಪ್ಪದ ಕಲ್ಲು ಗೋಡೆ ಎಂದು ನೀವೇ ಹೇಳಿದ್ದಿರಿ. ಕೆಳಗೆ ದನ ಕುರಿ ಕಟ್ಟಿ, ಅವುಗಳ ಮೈಬಿಸಿ ಮೇಲಕ್ಕೆ ಬರುವಂತೆ ನೀವು ಮಲಗುತ್ತೀರಿ. ಮೈಮೇಲೆ ಉಣ್ಣೆ. ನಿಮ್ಮ ಚಳಿಗೆ ಬೆಳಿಗ್ಗೆ ಹತ್ತು ಗಂಟೆಗೆ ರಜೆ ಸಿಗುತ್ತದೆ. ಬಿಸಿಲು ಬಂದ ಕೂಡಲೇ ಎಲ್ಲರೂ ಮಾಳಿಗೆ ಹತ್ತಿ ಕೂತು ನೂಲು ತೆಗೆಯುತ್ತೀರಿ. ನಮ್ಮ ಗದ್ದೆಗಳ ಕೂಲಿಯವರಿರುವ ಮುಸಹರ್ ಟೋಲೆಯ ಗೋಡೆ ಬಿದಿರು ತಟ್ಟಿ. ಮೆತ್ತಿದ ಮಣ್ಣು ಮಳೆಗಾಲದಲ್ಲೇ ಉದುರಿರುತ್ತದೆ. ಹೊದೆಯಲು ಒಂದು ಹತ್ತಿ ಚಾದರ, ಹಾಸಲು ಹುಲ್ಲು. ಒಳಗೂ ಹನ್ನೊಂದು, ಹೊರಗೂ ಹನ್ನೊಂದು. ಹಗಲೂ ಅಷ್ಟೇ, ಇರುಳೂ ಅಷ್ಟೇ, ಹದಿನೈದು ದಿನ. ಓಡಿ ಹೋಗಿ ಮೈ ಕಾಯಿಸಿಕೊಳ್ಳಲು ಬಿಸಿಲಿನ ತುಣುಕೂ ಇಲ್ಲ. ನಿಮ್ಮನ್ನು ಜಿತನ್ ಸದಾಯನ ಗುಡಿಸಲಲ್ಲಿ ಐದು ದಿನ ಕೂರಿಸಿ ನೋಡಬೇಕು, ಮೀಸೆ ತಾನಾಗಿಯೇ ಉದುರುತ್ತದೆ.

ಕೂರಿಸುವುದಕ್ಕೆ ಈಗ ಜಿತನ್ ಇಲ್ಲ. ಎಪ್ಪತ್ತು ವರ್ಷದ ಆಳು, ನಮ್ಮ ಗದ್ದೆ ಉಳುತ್ತಿದ್ದವನು. ದಿನಾ ಬೆಳಿಗ್ಗೆ ನಾನು ಪೆಟ್ಟಿಗೆ ತೆಗೆಯುವಾಗ ಬೇಲಿ ಹತ್ತಿರ ನಿಂತು "ಇವತ್ತೆಷ್ಟು ಮಾಲ್ಕಿನ್?" ಎಂದು ಕೇಳುತ್ತಿದ್ದ. ಎಷ್ಟು ಹೇಳಿದರೂ "ಬಾಳ ಆಯ್ತು" ಎನ್ನುತ್ತಿದ್ದ. ಪುಸ್ ಇಪ್ಪತ್ತೇಳರಂದು ಬರಲಿಲ್ಲ. ಕೂತಲ್ಲೇ ಹೋಗಿದ್ದ. ಅವನ ಹೆಂಡತಿ ಸೋಮನಿ ಇನ್ನೂ ಅವನ ಚಾದರ ಹೊದ್ದು ತಟ್ಟಿಗೆ ಒರಗಿ ಕೂತಿದ್ದಾಳೆ. ವಾರ್ಡ್ ಅಧ್ಯಕ್ಷರು ಈ ವರ್ಷ ಕಟ್ಟಿಗೆ ಕೊಡಲಿಲ್ಲ.

ಮೊನ್ನೆ ಸಂಕ್ರಾಂತಿ ಇತ್ತು. ಹಬ್ಬ ಮಾಡಿದೆವು ಎಂದು ಹೇಳಲಾರೆ. ಅತ್ತೆಗೂ ನನಗೂ ಎರಡು ದಿನದಿಂದ ಮಾತಿಲ್ಲ. ಅದು ಮನೆಯ ವಿಷಯ.

ತಿಂಗಳ ವರದಿ ಕಾಠ್ಮಾಂಡುವಿಗೆ ಹೋಗಿದೆ. ನೀವು ಕೇಳಿದ ಅಂಕಿಗಳನ್ನು ಆಮೇಲೆ ಬರೆಯುತ್ತೇನೆ. ಕೈ ಸೆಟೆದುಕೊಂಡಿದೆ.

ಬಿಂದು

*

ಕಾಠ್ಮಾಂಡು
ಫಾಗುನ್ ೯, ೨೦೫೪

ಬಹಿನಿ,

ಸಭೆ ಮುಗಿಸಿ ಧರ್ಮಶಾಲೆಯ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬರೆಯಬಾರದು ಎಂದುಕೊಂಡಿದ್ದೆ.

ನೀನು ಅಂಕಿ ಕಳಿಸಲಿಲ್ಲ. ಆದರೂ ನಾನು ಎದ್ದು ನಿಂತು ಹೇಳಿದೆ: ಸಿರಹಾದ ಕಡೆ ಹಗಲಿನ ಚಳಿ ಕೊಲ್ಲುತ್ತದಂತೆ, ಹಗಲಿನ ಅಂಕಿ ನೋಡಬೇಕಂತೆ, ಪಿಪರಾಡೀಹ್‌ನ ವೀಕ್ಷಕಿ ನನ್ನ ತಂಗಿ, ಅವಳ ಮಾತು ಎಂದರೆ ಮಾತು. ಅಧ್ಯಕ್ಷತೆ ವಹಿಸಿದ್ದ ರಾಜಭಂಡಾರಿ ಸಾಹೇಬರು ಆಗಲಿ ಎಂದು ನಿನ್ನ ಪುಸ್ ತಿಂಗಳ ವರದಿಯನ್ನು ತರಿಸಿದರು. ಎಲ್ಲರ ಮುಂದೆ ಓದಿದರು. ಪುಸ್ ಇಪ್ಪತ್ತೊಂದನೇ ತಾರೀಕು, ಹಗಲು ಹತ್ತೊಂಬತ್ತೂವರೆ ಡಿಗ್ರಿ. ಇಪ್ಪತ್ತೆರಡನೇ ತಾರೀಕು, ಇಪ್ಪತ್ತು. ಹೀಗೇ ಒಂಬತ್ತು ದಿನ. ಜಿತನ್ ಸತ್ತ ಎಂದೆಯಲ್ಲ, ಇಪ್ಪತ್ತೇಳನೇ ತಾರೀಕು, ಆ ದಿನ ಇಪ್ಪತ್ತೊಂದೂ ಚಿಲ್ಲರೆ!

‘ಪಿಪರಾಡೀಹ್‌ಗೆ ವಸಂತ ಬೇಗ ಬಂದಿದೆ’ ಎಂಬ ಮಾತು ಬಂತು. ಎಲ್ಲರೂ ನಕ್ಕರು.

ಬಿಂದು, ನಾನು ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಹನ್ನೊಂದು ಎಂದು ನನಗೆ ಬರೆದವಳು ನೀನೇ, ಇಪ್ಪತ್ತೊಂದು ಎಂದು ಕಚೇರಿಗೆ ಬರೆದವಳೂ ನೀನೇ. ಯಾವುದು ಸುಳ್ಳು? ಸತ್ತ ಮುದುಕನನ್ನು ಸಾಕ್ಷಿಗೆ ಕರೆಯುವಾಗ ನಾಚಿಕೆಯಾಗಲಿಲ್ಲವೇ?

ಕರಡು ಹಾಗೇ ಉಳಿಯುವ ಹಾಗಿದೆ. ಕೊನೆಯ ಸಭೆ ಬೈಶಾಖ್ ಮುಗಿದ ಮೇಲೆ.

ಜಸಬೀರ್ ರೋಕಾಯ
ಸದಸ್ಯ

*

ಪಿಪರಾಡೀಹ್
ಫಾಗುನ್ ೨೦, ೨೦೫೪

ದಾಜು,

ಹೌದು, ನಾಚಿಕೆಯಾಗಿದೆ. ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ಪೂರ್ತಿ ಓದಿ.

ಆ ಒಂಬತ್ತು ದಿನ ಬೆಳಿಗ್ಗೆ ಪೆಟ್ಟಿಗೆ ತೆಗೆದರೆ ಒಂಬತ್ತು ಡಿಗ್ರಿ. ಸಂಜೆ ತೆಗೆದರೆ ಹತ್ತು. ಆದರೆ ದಿನದ ಅತಿ ಹೆಚ್ಚನ್ನು ಹಿಡಿದಿಡುವ ಥರ್ಮಾಮೀಟರಿನಲ್ಲಿ ಪಾದರಸ ಹತ್ತೊಂಬತ್ತು, ಇಪ್ಪತ್ತರಲ್ಲಿ ನಿಂತಿರುತ್ತಿತ್ತು. ಬಿಸಿಲು ಬಂದಿಲ್ಲವೆಂದು ನನ್ನ ಮೈಗೆ ಗೊತ್ತು. ಒಗೆದ ಸೀರೆ ನಾಲ್ಕು ದಿನವಾದರೂ ಒಣಗಿರಲಿಲ್ಲ. ಮಾವನ ಹತ್ತಿರ ಹೇಳಿದೆ. "ಕಂಡಿದ್ದನ್ನ ಬರಿ ಕನಿಯಾ. ಕೊಳವೆ ಸುಳ್ಳು ಹೇಳಲ್ಲ" ಎಂದರು. ಬರೆದೆ. ವಾರ್ಡ್ ಅಧ್ಯಕ್ಷರು ದಿನಾ ಸಂಜೆ ಸೈಕಲ್ ನಿಲ್ಲಿಸಿ ಕೇಳುತ್ತಿದ್ದರು. "ಎಷ್ಟಮ್ಮಾ?" "ಹೆಚ್ಚು ಅಂದ್ರೆ ಹತ್ತೊಂಬತ್ತೂವರೆ." "ಹತ್ತೊಂಬತ್ತಕ್ಕೆ ಯಾರಾದ್ರೂ ಕಟ್ಟಿಗೆ ಹಂಚ್ತಾರಾ? ಆಡಿಟ್‌ನೋರು ನನ್ನ ಹರೀತಾರೆ." ಹೊರಟುಬಿಡುತ್ತಿದ್ದರು. ಜಿತನ್ ಇದನ್ನೆಲ್ಲ ಬೇಲಿ ಆಚೆ ನಿಂತು ಕೇಳುತ್ತಿದ್ದ. ಮಾಲ್ಕಿನ್ ಬರೆದದ್ದು ಸರಿಯೇ ಇರುತ್ತದೆ ಎಂದು ಅವನ ನಂಬಿಕೆ.

ಸಂಕ್ರಾಂತಿಯ ದಿನ ಬೆಳಕು ಹರಿಯುವ ಮೊದಲೇ ಸ್ನಾನ ಮಾಡಬೇಕಲ್ಲ. ಬೇಗ ಎದ್ದು ಕೊಳದ ಕಡೆ ಹೊರಟೆ. ಮಂಜಿನಲ್ಲಿ ಅಂಗಳದ ಮೂಲೆಯಲ್ಲಿ ಕೆಂಪಗೆ ಏನೋ ಕಂಡಿತು. ಹತ್ತಿರ ಹೋದೆ. ಪೆಟ್ಟಿಗೆಯ ನಾಲ್ಕು ಕಾಲಿನ ನಡುವೆ ಮಣ್ಣಿನ ಬೋಗುಣಿ, ಅದರ ತುಂಬ ಹೊಟ್ಟಿನ ಕೆಂಡ. ಅತ್ತೆ ಕುಕ್ಕರುಗಾಲಲ್ಲಿ ಕೂತು ಊದುತ್ತಿದ್ದರು. ಪಕ್ಕದಲ್ಲಿ ತಟ್ಟೆಯಲ್ಲಿ ಎಳ್ಳು, ಬೆಲ್ಲ, ಅಕ್ಕಿ.

"ಅಮ್ಮ, ಏನ್ ಮಾಡ್ತಿದ್ದೀರಿ?"

"ಮೆತ್ತಗೆ ಮಾತಾಡು. ಮಹಾರಾಜ ನಡುಗ್ತಿದ್ದಾನೆ."

"ಎಷ್ಟು ದಿನದಿಂದ?"

"ಇವತ್ತಿಗೆ ಹತ್ತು ಬೆಳಗಾಯ್ತು. ನೀ ಬರೋದ್ರೊಳಗೆ ಬೂದಿ ಬಳಿದು ಹಾಕ್ತೀನಿ. ಅಷ್ಟು ತೆಳ್ಳಗಿನ ಹಲಗೆ ಮನೆ, ಸುತ್ತ ಸಂದಿ. ನಿನ್ನ ಮಾವ ಹತ್ತೊಂಬತ್ತು ವರ್ಷ ಸೇವೆ ಮಾಡಿದ್ರು, ನೀನು ಹನ್ನೊಂದು ವರ್ಷ. ಒಬ್ರಾದ್ರೂ ಅವನಿಗೆ ಚಳಿ ಆಗುತ್ತೆ ಅಂತ ಯೋಚ್ನೆ ಮಾಡಿದ್ರಾ? ಅವನು ಬೆಚ್ಚಗಾದ್ರೆ ಊರೂ ಬೆಚ್ಚಗಾಗುತ್ತೆ."

ನಮ್ಮಲ್ಲಿ ಸಂಕ್ರಾಂತಿಯ ದಿನ ಹಿರಿಯರು ಕಿರಿಯರ ಬಾಯಿಗೆ ಎಳ್ಳು ಬೆಲ್ಲ ಇಟ್ಟು ‘ಈ ಎಳ್ಳಿನ ಭಾರ ಹೊರ್ತೀಯಾ?’ ಎಂದು ಮೂರು ಸಲ ಕೇಳುತ್ತಾರೆ. ಮುದಿಗಾಲದಲ್ಲಿ ನಮ್ಮನ್ನು ನೋಡಿಕೊಳ್ಳುತ್ತೀಯಾ ಎಂದು ಅರ್ಥ. ಮೂರು ಸಲವೂ ಹೊರುತ್ತೇನೆ ಎನ್ನಬೇಕು. ಅತ್ತೆ ಅದನ್ನು ಪೆಟ್ಟಿಗೆಗೆ ಕೇಳುತ್ತಿದ್ದರು.

ನನಗೆ ಏನಾಯಿತೋ, ಕೈ ಎತ್ತಿ ಬೋಗುಣಿಯನ್ನು ಬೀಸಿ ಕೊಳಕ್ಕೆ ಎಸೆದೆ. ನಿಮ್ಮ ಕೆಂಡ ಜಿತನ್‌ನನ್ನು ಕೊಂದಿತು ಎಂದೆ. ಹಾಗೆ ಹೇಳಬಾರದಿತ್ತು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತಟ್ಟೆ ಅಲ್ಲೇ ಬಿಟ್ಟು ಒಳಗೆ ಹೋದರು. ಕೆಂಡ ಇಟ್ಟವರು ಅವರು ದಾಜು, ಆದರೆ ಒಣಗದ ಸೀರೆ ಕಂಡೂ ಹತ್ತೊಂಬತ್ತು ಎಂದು ಬರೆದವಳು ನಾನು.

ಈಗ ನಿಜವಾದ ನಾಚಿಕೆಗೆ ಬರುತ್ತೇನೆ. ಆವತ್ತು ತಿಂಗಳ ವರದಿ ಇನ್ನೂ ಮನೆಯಲ್ಲೇ ಇತ್ತು. ಅಂಚೆಯವನು ಹತ್ತು ಗಂಟೆಗೆ ಬಂದ. ಕೆಂಪು ಶಾಯಿ ಮೇಜಿನ ಮೇಲಿತ್ತು. ನಾನು ಮುಟ್ಟಲಿಲ್ಲ. ಮಾವನ ಹತ್ತೊಂಬತ್ತು ವರ್ಷಕ್ಕೆ ಕೆಂಪು ಇಲ್ಲ, ನನ್ನ ಹನ್ನೊಂದಕ್ಕೆ ಇಲ್ಲ. ನಿಮಗೂ ಇಲ್ಲವೆಂದು ಹಿಂದಿನ ದಿನವಷ್ಟೇ ನಿಮ್ಮ ಕಾಗದ ಬಂದಿತ್ತು. ‘ಸೊಸೆ ಕೈಗೆ ಕೊಟ್ಟು ಕೆಟ್ಟಿತು’ ಎಂದು ಜನ ಹೇಳುವುದನ್ನು ನೆನೆಸಿಕೊಂಡೆ. ಕವರ್ ಅಂಟಿಸಿ ಕೊಟ್ಟುಬಿಟ್ಟೆ.

ನಿಮ್ಮ ಕಾಗದವನ್ನು ಈ ಸಲ ಒಂದು ಸಾಲೂ ಬಿಡದೆ ಮಾವನಿಗೆ ಓದಿದೆ. ನಡೆದದ್ದನ್ನೂ ಹೇಳಿದೆ. ರಿಜಿಸ್ಟರನ್ನು ತಡಕಿ ತೊಡೆಯ ಮೇಲೆ ಎಳೆದುಕೊಂಡರು. ಆಮೇಲೆ, "ಕೊಳವೆ ಸುಳ್ಳು ಹೇಳಲ್ಲ ಅಂದವನು ನಾನು. ಕೆಂಪು ಶಾಯಿ ಒಣಗಿಲ್ಲ ತಾನೇ?" ಎಂದು ಕೇಳಿದರು. "ಇಲ್ಲ." "ತಗೊಂಡ್ ಬಾ. ನನ್ನ ಕೈಯನ್ನ ನಿನ್ನ ಕೈ ಮೇಲಿಡು." ಇಬ್ಬರೂ ಸೇರಿ ಪುಸ್ ಇಪ್ಪತ್ತೊಂದರಿಂದ ಇಪ್ಪತ್ತೊಂಬತ್ತರವರೆಗೆ ಗೆರೆ ಎಳೆದೆವು. ಕಾರಣವನ್ನು ಪೂರ್ತಿ ಬರೆದು ಕಾಠ್ಮಾಂಡುವಿಗೆ ಕಳಿಸಿದ್ದೇನೆ. ನಕಲು ಇದರೊಡನೆ ಇದೆ.

ಸಮಿತಿಯವರು ಇನ್ನು ನಮ್ಮ ಮೂವತ್ತು ವರ್ಷವನ್ನೂ ಕಸಕ್ಕೆ ಹಾಕಬಹುದು. ಹಾಕಿದರೆ ಹಾಕಲಿ. ಅಳತೆಯ ವಿಷಯದಲ್ಲಿ ನಾನು ಇನ್ನು ಯಾರಿಗೂ ಸುಳ್ಳು ಬರೆಯುವುದಿಲ್ಲ. ಅಣ್ಣನಾಗಿ ಬರೆಯುವುದು ಬೇಡ ಎನಿಸಿದರೆ ಸದಸ್ಯರಾಗಿಯೇ ಉತ್ತರಿಸಿ.

ಬಿಂದುಲತಾ

*

ರಾರಿಖೋಲಾ
ಚೈತ್ ೧೬, ೨೦೫೪

ಬಹಿನಿ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ವಿಮಾನ ಮೂರು ಸಲ ಬಂದು ಹೋಯಿತು, ಹಾಗಾಗಿ ವಿಮಾನದ ಮೇಲೆ ಹಾಕಲಾರೆ.

‘ಪಿಪರಾಡೀಹ್‌ಗೆ ವಸಂತ ಬೇಗ ಬಂದಿದೆ’ ಎಂದದ್ದು ರಾಜಭಂಡಾರಿ ಸಾಹೇಬರಲ್ಲ. ನಾನು. ಸಾಹೇಬರ ನಡುವೆ ಕೂತಿದ್ದೆನಲ್ಲ, ನಾನೂ ಅವರಲ್ಲಿ ಒಬ್ಬ ಎಂದು ತೋರಿಸಿಕೊಳ್ಳಬೇಕಿತ್ತು. ಮೊದಲು ನಕ್ಕವನೂ ನಾನೇ.

ಇನ್ನೊಂದು. ೨೦೪೧ರ ಮಾಘದಲ್ಲಿ ಹಿಮ ಬಾಗಿಲ ಎತ್ತರಕ್ಕೆ ಬಿತ್ತು. ನಾಲ್ಕು ದಿನ ಹೊರಗೆ ಕಾಲಿಡಲಾಗಲಿಲ್ಲ. ಪೆಟ್ಟಿಗೆ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಒಲೆ ಮುಂದೆ ಕೂತು ಬರೆದೆ: ಸೊನ್ನೆಗಿಂತ ಹದಿಮೂರು ಕೆಳಗೆ, ಹನ್ನೆರಡು, ಹದಿಮೂರೂವರೆ, ಹನ್ನೆರಡು. ನೀಲಿ ಶಾಯಿಯಲ್ಲಿ, ಚೆಂದವಾಗಿ. ಹೆಂಡತಿಗೂ ಹೇಳಿರಲಿಲ್ಲ. ಮೊನ್ನೆ ಹೇಳಿದೆ. "ಹಂಗಾದ್ರೆ ಮೀಸೆ?" ಎಂದಳು. ಬೋಳಿಸಿದ್ದೇನೆ. ಊರಲ್ಲಿ ಯಾರು ಸತ್ತರು ಎಂದು ಎಲ್ಲರೂ ಕೇಳುತ್ತಿದ್ದಾರೆ. ಆ ನಾಲ್ಕು ಚೌಕಕ್ಕೂ ಕೆಂಪು ಗೆರೆ ಬಿತ್ತು.

ಈ ತಿಂಗಳ ಮೊದಲ ವಾರ ಇಲ್ಲಿ ಏಳು ದಿನ ಹಗಲು ಇಪ್ಪತ್ತೇಳು. ಚೈತ್‌ನಲ್ಲಿ ನಮಗೆ ಹದಿನೆಂಟು ಬಂದರೆ ಹೆಚ್ಚು. ಗುಡ್ಡದ ಹಿಮ ಒಟ್ಟಿಗೆ ಕರಗಿ ಹೊಳೆ ನುಗ್ಗಿತು. ಮರದ ಸೇತುವೆ ಹೋಯಿತು, ನೀರಿನ ಗಿರಣಿ ಹೋಯಿತು. ಸೇಬಿನ ಹೂವು ತಿಂಗಳು ಮೊದಲೇ ಬಿರಿದು ನಿಂತಿದೆ. ಇನ್ನೊಂದು ಸಲ ಇಬ್ಬನಿ ಹೆಪ್ಪುಗಟ್ಟಿದರೆ ಈ ವರ್ಷದ ಹಣ್ಣು ಇಲ್ಲ. ನಮ್ಮವ್ವ ಉಣ್ಣೆ ಬಟ್ಟೆಯಲ್ಲೇ ಸೊಪ್ಪು ಹೊತ್ತು ಬರುತ್ತಾ ಏರಿಯಲ್ಲಿ ಕುಸಿದಳು. ಈಗ ಪರವಾಗಿಲ್ಲ. ವೈರ್‌ಲೆಸ್‌ನಲ್ಲಿ ನೇಪಾಳಗಂಜ್‌ಗೆ ‘ಇಲ್ಲಿ ಬಿಸಿಗಾಳಿ’ ಎಂದು ವರದಿ ಮಾಡಿದೆ. ಆ ಕಡೆಯವನು, "ಇಪ್ಪತ್ತೇಳಾ ದಾಜು? ನಾವಿಲ್ಲಿ ಇನ್ನೂ ಫ್ಯಾನೇ ಹಾಕ್ಕೊಂಡಿಲ್ಲ" ಎಂದು ನಕ್ಕ.

ನಿನ್ನ ಅತ್ತಿಗೆಯ ಬೀಸಣಿಗೆ ಹೀಗೆ ನಮ್ಮ ಮನೆಗೇ ಬಂತು.

ಅತ್ತೆಯ ಜೊತೆ ಮಾತಾಡು. ಇದು ಅಣ್ಣನ ಮಾತು.

ಜಸಬೀರ್

*

ಕಾಠ್ಮಾಂಡು
ಜೇಠ್ ೨, ೨೦೫೫

ನನ್ನ ಹೆಮ್ಮೆಯ ಬಹಿನಿಗೆ,

ಗೆದ್ದೆವು! ಆದರೆ ಒಂದು ಕಡೆ ಸೋತೆವು. ಎರಡನ್ನೂ ಹೇಳುತ್ತೇನೆ.

ಸಭೆಗೆ ನನ್ನ ರಿಜಿಸ್ಟರನ್ನು ಹೊತ್ತುಕೊಂಡೇ ಹೋಗಿದ್ದೆ. ರಾಜಭಂಡಾರಿ ಸಾಹೇಬರು ಮೀಸೆ ಇಲ್ಲದ ಮುಖ ನೋಡಿ ಯಾರೋ ಹೊಸಬ ಎಂದುಕೊಂಡರು. "ಸಾರ್, ಹೋದ ಸಲ ನಾನು ತಮಾಷೆ ಮಾಡಿದ್ದು ತಪ್ಪು. ಅದನ್ನ ನಡಾವಳೀಲಿ ಬರೀರಿ" ಎಂದೆ. ಆಮೇಲೆ ನನ್ನ ನಾಲ್ಕು ಕೆಂಪು ಚೌಕ ತೋರಿಸಿದೆ. ನಿನ್ನ ಪತ್ರವನ್ನು ನಾನೇ ಎದ್ದು ನಿಂತು ಓದಿದೆ. ಕೆಂಡದ ಬೋಗುಣಿಯ ಜಾಗದಲ್ಲಿ ಯಾರೋ ನಗಲು ಬಾಯಿ ತೆರೆದರು. ನಾನು ತಲೆ ಎತ್ತಿ ನೋಡಿದೆ, ಮುಚ್ಚಿಕೊಂಡರು.

ಡಾಕ್ಟರ್ ಸಾಹೇಬರು, "ಈ ಎರಡು ಊರಿನ ಅಂಕಿಗಳನ್ನ ಹೇಗೆ ನಂಬೋದು ರೋಕಾಯಜಿ? ಕೆಂಪು ಬಿದ್ದಿದೆಯಲ್ಲ" ಎಂದರು.

ಅದಕ್ಕೆ ರಾಜಭಂಡಾರಿ ಸಾಹೇಬರೇ ಉತ್ತರ ಕೊಟ್ಟರು. "ಡಾಕ್ಟರ್ ಸಾಬ್, ನನ್ನ ಹತ್ರ ನೂರಾರು ರಿಜಿಸ್ಟರ್ ಇವೆ. ಯಾವ್ದರಲ್ಲೂ ಒಂದು ತಪ್ಪಿಲ್ಲ. ಅದಕ್ಕೇ ನಂಗೆ ಅವುಗಳ ಮೇಲೆ ಭಯ. ಯಾರೂ ಕೇಳ್ದೆ ತಾನೇ ಒಂಬತ್ತು ದಿನ ಹೊಡೆದು ಹಾಕ್ದೋಳು ಉಳಿದ ದಿನಗಳನ್ನ ಸರಿಯಾಗೇ ಬರೆದಿರ್ತಾಳೆ. ಮೊದ್ಲು ಈ ಎರಡನ್ನೇ ತಗೊಳ್ಳಿ."

"ನಿಮ್ಮ ಸಲಹೆ ಏನು?" ಎಂದು ನನ್ನನ್ನು ಕೇಳಿದರು.

"ಸಾರ್, ನಮ್ಮ ದೇಶ ಒಂದು ಏಣಿ. ಕೆಳಗಿನ ಮೆಟ್ಟಿಲಿನವರ ಚಳಿ ಮೇಲಿನವರಿಗೆ ಸೆಖೆ. ಒಂದೇ ಅಂಕಿ ಇಟ್ರೆ ಯಾರಾದ್ರೂ ಒಬ್ರು ಲೆಕ್ಕಕ್ಕೇ ಸಿಗ್ದೆ ಸಾಯ್ತಾರೆ. ಒಂದೊಂದು ಊರನ್ನೂ ಅದ್ರದ್ದೇ ಮೂವತ್ತು ವರ್ಷದ ಜೊತೆ ತೂಗಿ" ಎಂದೆ. ಹೇಳಿದ್ದು ನನ್ನ ಬಾಯಿ, ಮಾತು ನಿನ್ನದು.

ನಿಯಮ ಹೀಗಾಯಿತು: ಪ್ರತಿ ಊರಿನ ಮೂವತ್ತು ವರ್ಷದ ದಿನಗಳನ್ನು ಆಯಾ ತಿಂಗಳಿಗೆ ತಕ್ಕಂತೆ ತಣ್ಣಗಿನದರಿಂದ ಬಿಸಿಗೆ ಸಾಲಾಗಿ ನಿಲ್ಲಿಸುವುದು. ಅತಿ ತಣ್ಣಗಿನ ಹತ್ತರಲ್ಲೊಂದು ಪಾಲಿಗೆ ಸೇರುವ ದಿನಗಳು ಸತತ ಮೂರು ಬಂದರೆ ಆ ಊರಿಗೆ ಅದು ಶೀತಲಹರಿ. ಹಗಲಿನ ಅಂಕಿಯಿಂದ ಬಂದರೂ ಸರಿ, ರಾತ್ರಿಯದರಿಂದ ಬಂದರೂ ಸರಿ. ಬಿಸಿಗಾಳಿಗೂ ಹೀಗೇ, ಆ ಕಡೆಯ ತುದಿಯಿಂದ. ನಮ್ಮ ಚೈತ್‌ನ ಇಪ್ಪತ್ತೇಳು ಈಗ ಬಿಸಿಗಾಳಿಯೇ. ನೇಪಾಳಗಂಜ್‌ನವನಿಗೆ ನಾನೇ ಹೇಳಿ ಬರುತ್ತೇನೆ.

ಅಲ್ಲೇ ಕೂತು ಪಿಪರಾಡೀಹ್‌ಗೆ ಲೆಕ್ಕ ಹಾಕಿದರು. ಸಂಜೆಯಾಯಿತು. ಮೂವತ್ತು ವರ್ಷದಲ್ಲಿ ಇಪ್ಪತ್ತಾರು ಶೀತಲಹರಿ, ಬಿಂದು! ಯಾರೂ ಹೆಸರಿಡದೆ ಬಂದು ಹೋದವು ಇಪ್ಪತ್ತಾರು. ಹದಿನೇಳು ನಿನ್ನ ಮಾವನ ಕೈಬರಹದಲ್ಲಿವೆ. ಅವರಿಗೆ ಗಟ್ಟಿಯಾಗಿ ಓದಿ ಹೇಳು.

ಇನ್ನು ಸೋತದ್ದು. ಆ ಒಂಬತ್ತು ದಿನ ಲೆಕ್ಕಕ್ಕಿಲ್ಲ. ಜಿತನ್ ಸತ್ತ ಚಳಿಗೆ ಹೆಸರಿಲ್ಲ. ಸೇರಿಸಿ ಎಂದು ತುಂಬ ಕೇಳಿಕೊಂಡೆ. ಅಳತೆ ಇಲ್ಲದ್ದನ್ನು ಸೇರಿಸಲಾಗುವುದಿಲ್ಲ ಎಂದರು. ಅವರು ಹೇಳಿದ್ದೇ ಸರಿ. ಆದರೂ ಸಂಕಟವಾಯಿತು.

ದಾಜು

*

ಪಿಪರಾಡೀಹ್
ಮಾಘ ೨, ೨೦೫೫

ದಾಜು, ಅತ್ತಿಗೆ, ಅವ್ವ ಎಲ್ಲರಿಗೂ ನಮಸ್ಕಾರ. ಮೀಸೆ ಮತ್ತೆ ಬಂತೇ?

ಪುಸ್ ಹದಿನಾಲ್ಕರಿಂದ ಸೂರ್ಯ ಕಾಣೆಯಾದ. ಹಗಲು ಹನ್ನೆರಡು, ಹನ್ನೊಂದೂವರೆ, ಹನ್ನೊಂದು. ಮೂರನೆಯ ದಿನ ಸಂಜೆ ಅಂಚೆ ಕಚೇರಿಯ ಫೋನಿನಲ್ಲಿ ಅಂಕಿ ಹೇಳಿದೆ. ರಾತ್ರಿ ಊಟದ ಹೊತ್ತಿಗೆ ರೇಡಿಯೋ ಹೇಳಿತು: ‘ಪಿಪರಾಡೀಹ್ ಕೇಂದ್ರದ ಅಳತೆಯಂತೆ ಸಿರಹಾದಲ್ಲಿ ಶೀತಲಹರಿ.’ ಮಾವ ಬಾಯಿಗಿಟ್ಟ ತುತ್ತನ್ನು ಹಾಗೇ ಹಿಡಿದುಕೊಂಡು ಕೂತರು. "ಇನ್ನೊಂದ್ ಸಲ ಹೇಳ್ತಾರಾ?" ಎಂದರು. ಹೇಳಲಿಲ್ಲ. ನಾನೇ ಆ ರೇಡಿಯೋದವನ ದನಿಯಲ್ಲಿ ಮೂರು ಸಲ ಹೇಳಿದೆ.

ಮರುದಿನ ವಾರ್ಡ್ ಅಧ್ಯಕ್ಷರು ತಾವೇ ಎತ್ತಿನಗಾಡಿಯ ಹಿಂದೆ ನಡೆದು ಬಂದರು. ಐದು ಟೋಲೆಗೆ ಐದು ಗಾಡಿ ಕಟ್ಟಿಗೆ. ಮುಸಹರ್ ಟೋಲೆಯ ಘೂರ್‌ಗೆ ಮೊದಲ ಕೊಳ್ಳಿ ಇಟ್ಟವಳು ಸೋಮನಿ. ಹದಿಮೂರು ದಿನ ಉರಿಯಿತು. ಈ ಚಳಿಯಲ್ಲಿ ನಮ್ಮ ಊರಲ್ಲಿ ಯಾರೂ ಸಾಯಲಿಲ್ಲ ದಾಜು.

ಅತ್ತೆಯ ವಿಷಯ ಕೇಳಿ. ಹೋದ ವರ್ಷ ನಿಮ್ಮ ಕಾಗದ ಬಂದ ಮೇಲೆ ನಾನೇ ಹೋಗಿ ಮಾತಾಡಿಸಿದ್ದೆ. ಮಾತಾಡುತ್ತಿದ್ದರು, ಆದರೆ ಅಂಗಳದ ಆ ಮೂಲೆಗೆ ಕಾಲಿಟ್ಟಿರಲಿಲ್ಲ. ರೇಡಿಯೋ ಹೇಳಿದ ಮಾರನೆಯ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಹೋಗುತ್ತೇನೆ, ಪೆಟ್ಟಿಗೆಯ ಪಕ್ಕ ಮಣೆ ಹಾಕಿ, ಕಂಬಳಿ ಹೊದ್ದು, ಕೈಯಲ್ಲಿ ಬಿದಿರ ಕೋಲು ಹಿಡಿದು ಕೂತಿದ್ದಾರೆ! ನಮ್ಮ ಟೋಲೆಯ ಘೂರನ್ನು ನಲವತ್ತು ಹೆಜ್ಜೆ ಎಣಿಸಿ ಆಚೆಗೆ ಹಾಕಿಸಿದ್ದರು. ಸಿಂಧೂರ ತಂದ ಹೆಂಗಸರಿಗೆ "ಅಲ್ಲೇ ನಿಲ್ಲಿ. ನಾವು ಅವನಿಗೆ ಬಿಸಿ ಮಾಡೋ ಹಾಗಿಲ್ಲ. ಅವನು ನಡುಗಿದ್ರೇನೇ ನಮ್ಗೆ ಕಟ್ಟಿಗೆ ಬರೋದು" ಎಂದು ಪಾಠ ಮಾಡಿದರು. ಅಧ್ಯಕ್ಷರು ಬೀಡಿ ಸೇದುತ್ತಾ ಹತ್ತಿರ ಬಂದದ್ದೇ ತಡ, ಕೋಲು ಎತ್ತಿದರು. ಅವರು ಬೀಡಿಯನ್ನು ಕೆಸರಲ್ಲಿ ಹೊಸಕಿ ಕೈ ಮುಗಿದರು.

ನಿನ್ನೆ ಸಂಕ್ರಾಂತಿ. ಸ್ನಾನ ಮಾಡಿ ಬಂದವಳನ್ನು ಪೆಟ್ಟಿಗೆಯ ಹತ್ತಿರವೇ ಕರೆದು ಬಾಯಿಗೆ ಎಳ್ಳು ಬೆಲ್ಲ ಇಟ್ಟರು. "ಎಳ್ಳಿನ ಭಾರ ಹೊರ್ತೀಯಾ ಕನಿಯಾ?" ಮೂರು ಸಲ ಕೇಳಿದರು, ಮೂರು ಸಲವೂ ಹೊರುತ್ತೇನೆ ಎಂದೆ. ಹೋದ ವರ್ಷದ್ದೂ ಸೇರಿಸಿ ನಾಲ್ಕನೆಯ ಸಲ ನಾನಾಗಿಯೇ ಹೇಳಿದೆ. ಇಬ್ಬರೂ ಅತ್ತೆವು.

ಆಮೇಲೆ ಕೇಳಿದರು, "ಆ ಪುಸ್ತಕದಲ್ಲಿ ನಿನ್ನ ಹೆಸ್ರು ಇದೆ, ನಿನ್ನ ಮಾವನ ಹೆಸ್ರೂ ಇದೆ. ನಂದು?"

ಹೋದ ವರ್ಷದ ಕೆಂಪು ಗೆರೆಯ ಪಕ್ಕ ‘ಮನೆಯ ಹಿರಿಯರೊಬ್ಬರು ತಿಳಿಯದೆ ಇಟ್ಟ ಕೆಂಡ’ ಎಂದಷ್ಟೇ ಬರೆದಿದ್ದೆ. ಹೆಸರು ಬರೆದಿರಲಿಲ್ಲ. ನಾನು ರಿಜಿಸ್ಟರನ್ನು ಅಲ್ಲಿಗೇ ತರಿಸಿ, ಮಾಘ ಒಂದರ ಸಾಲಿನ ಕೊನೆಯ ಚೌಕದಲ್ಲಿ ಬರೆದೆ: ‘ಹತ್ತಿರ ಬೆಂಕಿ ಇಲ್ಲ. ಕಾವಲು: ರಾಮಸಖಿ ದೇವಿ.’

ಅತ್ತೆಗೆ ಓದಲು ಬರುವುದಿಲ್ಲ. ಬೆರಳು ಹಿಡಿದು ಅಕ್ಷರಗಳ ಮೇಲೆ ಇಟ್ಟೆ. ಅಂಚಿನಿಂದ ಅಂಚಿನವರೆಗೆ ಸವರಿ ನೋಡಿದರು.

"ಯಾವ ಶಾಯೀಲಿ ಬರೆದೆ?"

"ನೀಲಿ ಅಮ್ಮ" ಎಂದೆ.

ಬಿಂದುಲತಾ